ಡೆನಿಸ್ ರಿಚಿ

ಸಿ ಭಾಷೆಯಲ್ಲಿ ನಾನು ಮೊದಲ ಬಾರಿ ಫೋರ್ಕ್ ಎಂಬ ಆಜ್ಞೆಯನ್ನು ಬರೆದ ದಿನ ಗಣಕಯಂತ್ರ ನಿಶ್ಚೇಷ್ಟಿತವಾಗಿ ನಿಂತಿತು. ಕೊನೆಯಿಲ್ಲದ ಲೂಪಿನೊಳಗೆ ಅದನ್ನಿಟ್ಟಿದ್ದೆ. ನಡೆಯುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ಸೆಂದು ಹೆಸರು. ಅಂಥದೊಂದು ಎರಡಾಗಿ, ಎರಡು ನಾಲ್ಕಾಗಿ, ರಕ್ತಬೀಜಾಸುರನಂತೆ ಬೆಳೆಯಿತು. ನಾಚಿಕೆಯಿಂದ ಯಂತ್ರವನ್ನು ಆರಿಸಿದೆ. ಆ ನಾಚಿಕೆಯೇ ನನ್ನನ್ನು ಸಿ ಭಾಷೆಯ ನಿರ್ಮಾತೃವಿನ ಚರಿತ್ರೆಯತ್ತ ಎಳೆಯಿತು.

ಡೆನಿಸ್ ರಿಚಿಯವರು 1941ನೆಯ ಇಸವಿ ಸೆಪ್ಟೆಂಬರ್ 9ರಂದು ಅಮೆರಿಕದ ಬ್ರಾಂಕ್ಸ್‌ವಿಲ್ಲಿನಲ್ಲಿ ಜನಿಸಿದರು. ತಂದೆ ಬೆಲ್ ಪ್ರಯೋಗಾಲಯದ ವಿಜ್ಞಾನಿ. ಮಗ ಹಾರ್ವರ್ಡಿನಲ್ಲಿ ಓದಿ, 1967ರಲ್ಲಿ ಅದೇ ಪ್ರಯೋಗಾಲಯವನ್ನು ಸೇರಿದರು. ಡಾಕ್ಟರೇಟಿಗೆ ಪ್ರಬಂಧ ಬರೆದರೂ ಅದರ ಬೈಂಡು ಮಾಡಿಸಿದ ಪ್ರತಿಯನ್ನು ಒಪ್ಪಿಸದೆ ಪದವಿಯಿಲ್ಲದೆಯೇ ಉಳಿದರು.

1969ರಲ್ಲಿ ಪ್ರಯೋಗಾಲಯವು ಮಲ್ಟಿಕ್ಸ್ ಎಂಬ ದೊಡ್ಡ ಯೋಜನೆಯನ್ನು ಕೈಬಿಟ್ಟಿತು. ಗೆಳೆಯ ಕೆನ್ ಥಾಂಪ್ಸನ್ನರು ಪಿಡಿಪಿ-7 ಎಂಬ ಸಣ್ಣ ಯಂತ್ರದಲ್ಲಿ ಯೂನಿಕ್ಸನ್ನು ಆರಂಭಿಸಿದಾಗ ರಿಚಿಯವರು ಜೊತೆಗೂಡಿದರು. ಅಲ್ಲಿ ಮೊದಲು ಪ್ರತಿ ಟರ್ಮಿನಲ್ಲಿಗೆ ಒಂದೇ ಪ್ರೋಸೆಸ್ಸು. ಬಳಿಕ ಬರ್ಕ್ಲಿ ವಿಶ್ವವಿದ್ಯಾಲಯದ ವ್ಯವಸ್ಥೆಯೊಂದರಿಂದ ಫೋರ್ಕಿನ ಕಲ್ಪನೆ ಬಂತು. 27 ಸಾಲುಗಳಲ್ಲಿ ಅದು ಸಿದ್ಧವಾಯಿತು. ಫೋರ್ಕಿನಿಂದ ತಾಯಿಯನ್ನೇ ಹೋಲುವ ಮರಿ ಪ್ರೋಸೆಸ್ಸು ಹುಟ್ಟುತ್ತದೆ. ತಾಯಿಗೆ ಮರಿಯ ಸಂಖ್ಯೆ, ಮರಿಗೆ ಸೊನ್ನೆ ದೊರೆಯುತ್ತದೆ. ಯಾರು ಯಾರೆಂದು ತಿಳಿಯುವುದು ಇದರಿಂದಲೇ. ಮರಿಯು ಎಕ್ಸೆಕ್ ಎಂಬುದರಿಂದ ಬೇರೆ ಪ್ರೋಗ್ರಾಮನ್ನು ಹಿಡಿದು, ಎಕ್ಸಿಟ್ಟಿನಿಂದ ಮುಗಿಸುತ್ತದೆ. ತಾಯಿಯು ವೇಟ್ ಎಂಬುದರಿಂದ ಕಾದು ಫಲವನ್ನು ತಿಳಿಯಬೇಕು. ಇಲ್ಲವಾದರೆ ಸತ್ತ ಮರಿಯು ಪಟ್ಟಿಯಲ್ಲಿ ಪ್ರೇತದಂತೆ ಉಳಿಯುತ್ತದೆ.

ಈ ಏರ್ಪಾಡಿನೊಂದಿಗೆ ತೊಡಕೂ ಬಂತು. ಡೈರೆಕ್ಟರಿಯನ್ನು ಬದಲಿಸುವ ಆಜ್ಞೆ ಫಲಿಸದಾಯಿತು. ಬಹಳ ಹುಡುಕಿದ ಮೇಲೆ ಕಾರಣ ತಿಳಿಯಿತು: ಜಾಗ ಬದಲಿಸಿದ್ದು ಮರಿ, ಅದು ಸತ್ತೊಡನೆ ಬದಲಾವಣೆಯೂ ಹೋಯಿತು, ತಾಯಿ ಪ್ರೋಸೆಸ್ಸು ಇದ್ದಲ್ಲೇ ಇತ್ತು. ಆಮೇಲೆ ಆಜ್ಞೆಗಳನ್ನು ಓದುವ ಶೆಲ್ಲೇ ಅದನ್ನು ಸ್ವತಃ ನಡೆಸುವಂತೆ ಮಾಡಿದರು. ಇದನ್ನು ರಿಚಿಯವರು ಮುಚ್ಚಿಡದೆ ತಾವೇ ಬರೆದಿಟ್ಟಿದ್ದಾರೆ. ಅದನ್ನೋದಿ ನನ್ನ ನಾಚಿಕೆ ಎಷ್ಟೋ ಹಗುರಾಯಿತು.

1972ರ ಸುಮಾರಿಗೆ ಅವರು ಸಿ ಭಾಷೆಯನ್ನು ರೂಪಿಸಿದರು. 1973ರಲ್ಲಿ ಯೂನಿಕ್ಸಿನ ತಿರುಳನ್ನೇ ಆ ಭಾಷೆಯಲ್ಲಿ ಬರೆದುದರಿಂದ ಅದನ್ನು ಬೇರೆ ಬೇರೆ ಯಂತ್ರಗಳಿಗೆ ಒಯ್ಯಲು ದಾರಿಯಾಯಿತು. 1983ರಲ್ಲಿ ಥಾಂಪ್ಸನ್ನರೊಡನೆ ಟ್ಯೂರಿಂಗ್ ಪ್ರಶಸ್ತಿ ಬಂತು. 2011ರ ಅಕ್ಟೋಬರ್ 12ರಂದು, ಒಂಟಿಯಾಗಿ ವಾಸಿಸುತ್ತಿದ್ದ ನ್ಯೂಜರ್ಸಿಯ ಮನೆಯಲ್ಲಿ ಅವರು ತೀರಿಕೊಂಡಿರುವುದು ತಿಳಿದುಬಂತು.

ಈಗ ಫೋರ್ಕ್ ಬರೆಯುವ ಮುನ್ನ ಲೂಪಿನ ಕೊನೆಯನ್ನೂ, ಬರೆದ ಮೇಲೆ ವೇಟನ್ನೂ ನೋಡಿಕೊಳ್ಳುತ್ತೇನೆ. ಆ ಮಹನೀಯರಿಗೆ ನಾನು ಸಲ್ಲಿಸಬಲ್ಲ ಗೌರವ ಇಷ್ಟೇ.