ರಾಜಮಂತ್ರಪ್ರವೀಣ ಹೆಚ್. ವಿ. ನಂಜುಂಡಯ್ಯನವರು

ಗಂಗೆಯ ಆಚೆ ದಡದ ರಾಮನಗರದಲ್ಲಿ ವರ್ಷವರ್ಷವೂ ತಿಂಗಳ ಕಾಲ ನಡೆಯುವ ರಾಮಲೀಲೆಯನ್ನು ನೋಡಲು ದೇಶಾಂತರದ ವಿದ್ವಾಂಸರು ಬರುತ್ತಾರೆ; ಕಂಡುದನ್ನು ಬರೆದು ವಿದ್ವತ್ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಜನರ ನಡೆನುಡಿಯನ್ನು ಹೀಗೆ ವಿಚಾರಿಸಿ ಅಚ್ಚಿಗೆ ಕೊಡುವ ಕೆಲಸವನ್ನು ಹಳೆಯ ಮೈಸೂರು ಸೀಮೆಯಲ್ಲಿ ಕ್ರಮವಾಗಿ ನಡೆಸಿದವರನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ಕಾಶಿಯ ಕನ್ನಡಿಗರಾದ ನಾವು ನೆನೆಯುವುದು ಉಚಿತವೇ ಆಗಿದೆ.

ನಂಜುಂಡಯ್ಯನವರು 1860ರಲ್ಲಿ ಜನಿಸಿದರು. ಮದರಾಸಿನಲ್ಲಿ ಓದಿ, ಕಾನೂನಿನ ಪದವಿ ಪಡೆದು, ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಚೀಫ್ ಕೋರ್ಟಿನ ನ್ಯಾಯಾಧೀಶರೂ ದಿವಾನರ ಕೌನ್ಸಿಲಿನ ಸದಸ್ಯರೂ ಆದರು. ಇಷ್ಟರ ನಡುವೆ ಕನ್ನಡದಲ್ಲಿ ವ್ಯವಹಾರ ದೀಪಿಕೆ, ಲೇಖ್ಯಬೋಧಿನಿ, ಅರ್ಥಶಾಸ್ತ್ರ ಮುಂತಾದ ಪುಸ್ತಕಗಳನ್ನು ಬರೆದರು. ಬಿ.ಕಾಂ. ಪರೀಕ್ಷೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಉರು ಹೊಡೆದು ಬ್ಯಾಂಕಿನ ಮೇಜಿಗೆ ಬಂದ ನಮ್ಮಂಥವರಿಗೆ ಈ ಹೆಸರುಗಳೇ ಒಂದು ಬೆರಗು!

1901ರಲ್ಲಿ ಇಂಡಿಯಾ ಸರ್ಕಾರವು ಜನಾಂಗಗಳ ಸಮೀಕ್ಷೆಯನ್ನು ಆರಂಭಿಸಿತು. ಮೈಸೂರಿನ ಭಾಗದ ಮೇಲ್ವಿಚಾರಣೆ ನಂಜುಂಡಯ್ಯನವರ ಪಾಲಿಗೆ ಬಂತು. ಮದುವೆ, ಹೆರಿಗೆ, ಸಾವು, ಕುಲದೇವರು, ಬೆಡಗು, ಕಸುಬು ಇವುಗಳನ್ನು ಒಂದೊಂದು ಜಾತಿಗೂ ಬೇರೆಬೇರೆಯಾಗಿ ವಿಚಾರಿಸಿ ಬರೆಯಬೇಕು. ಎಲ್ಲವೂ ಮುಗಿದ ಮೇಲೆ ಒಂದೇ ದೊಡ್ಡ ಗ್ರಂಥವನ್ನು ತರೋಣವೆಂದು ಅವರು ಕಾಯಲಿಲ್ಲ. 1906ರಿಂದ ಒಂದೊಂದು ಜಾತಿಗೆ ಒಂದೊಂದು ಕಿರುಹೊತ್ತಗೆಯಂತೆ ಅಚ್ಚು ಮಾಡಿಸುತ್ತ ಹೋದರು. ಮೊದಲನೆಯದು ಕುರುಬರನ್ನು ಕುರಿತದ್ದು. ಇವು ಪೂರ್ವಭಾವಿ ಪ್ರಕಟಣೆಗಳೆಂದೇ ಹೆಸರು ಹೊತ್ತಿದ್ದುವು. ಎಂದರೆ, ಕೊನೆಯ ಮಾತಲ್ಲ. ತಿದ್ದಲು ಇನ್ನೂ ಎಡೆಯುಂಟು. ನ್ಯಾಯಾಧೀಶರಿಗೆ ಒಪ್ಪುವ ಈ ಎಚ್ಚರಿಕೆ ನಮಗೆ ಬಹಳ ಹಿಡಿಸಿತು. ಪರರ ಮನೆಯ ಮದುವೆ ಮಸಣಗಳ ಸಂಗತಿಯನ್ನು ಒಮ್ಮೆ ತಪ್ಪಾಗಿ ಅಚ್ಚು ಹಾಕಿದರೆ ಆ ಜನ ಅದನ್ನು ತಲೆಮಾರುಗಟ್ಟಲೆ ಹೊರಬೇಕಾಗುತ್ತದಷ್ಟೆ.

ಆದರೆ ಒಂದು ಮಾತನ್ನು ಹೇಳದೆ ಇರಲಾರೆವು. ಹೊತ್ತಗೆಗಳೆಲ್ಲ ಇಂಗ್ಲಿಷಿನಲ್ಲಿದ್ದುವು. ಯಾರ ವಿಷಯ ಬರೆದಿತ್ತೋ ಅವರಲ್ಲಿ ಬಹುಮಂದಿ ಅವನ್ನು ಓದಿ ತಿದ್ದುವಂತಿರಲಿಲ್ಲ. ಸರ್ಕಾರದ ಸಮೀಕ್ಷೆಗೆ ಆ ಭಾಷೆ ಅನಿವಾರ್ಯವಾಗಿದ್ದಿರಬಹುದು. ಆದರೂ, ಕಾನೂನನ್ನೂ ಅರ್ಥಶಾಸ್ತ್ರವನ್ನೂ ಕನ್ನಡಕ್ಕೆ ತಂದ ಕೈಯಿಂದ ಇದೂ ಕನ್ನಡದಲ್ಲಿ ಬಂದಿದ್ದರೆ ಎಂಬ ಆಸೆ ನಮ್ಮನ್ನು ಬಿಡದು.

1915ರಲ್ಲಿ ಬೆಂಗಳೂರಿನಲ್ಲಿ ನೆರೆದ ಮೊದಲನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯದ ಮೊದಲನೆಯ ಉಪಕುಲಪತಿಗಳಾದರು. 1920ರಲ್ಲಿ ತೀರಿಕೊಂಡಾಗ ಸಮೀಕ್ಷೆಯ ಮಹಾಗ್ರಂಥ ಹೊರಬಂದಿರಲಿಲ್ಲ.

ಕೊಚ್ಚಿಯ ಜಾತಿಗಳನ್ನು ಕುರಿತು ಬರೆದು ಹೆಸರಾಗಿದ್ದ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಆ ಸಾಮಗ್ರಿಯನ್ನು ಕೈಗೆತ್ತಿಕೊಂಡು ವಿಸ್ತರಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಎರಡನೆಯದು 1928ರಲ್ಲಿ ಬಂತು. ಪೀಠಿಕಾರೂಪದ ಮೊದಲನೆಯ ಸಂಪುಟ ಎಲ್ಲಕ್ಕೂ ಹಿಂದಾಗಿ 1935ರಲ್ಲಿ ಬಂತು. ಗ್ರಂಥಕರ್ತರ ಹೆಸರುಗಳಲ್ಲಿ ಮೊದಲನೆಯದು ದಿವಂಗತ ನಂಜುಂಡಯ್ಯನವರದು.