ಹಿಂಡಿಯಲ್ಲಿ ಅನ್ನ ಕಂಡವರು: ಡಾ. ವಿ. ಸುಬ್ರಹ್ಮಣ್ಯನ್

ನನ್ನ ತಂದೆಯವರು ಹುಬ್ಬಳ್ಳಿಯ ಪೇಟೆಯಲ್ಲಿ ಹಮಾಲರು. ಶೇಂಗಾ ಹಿಂಡಿಯ ಚೀಲಗಳನ್ನು ಹೊತ್ತು ನಮ್ಮನ್ನು ಸಾಕಿದರು. ಹೋದ ವರ್ಷ ಶಾಲೆಯ ತಪಾಸಣೆಯಲ್ಲಿ ತಂಗಿಯ ತೂಕ ಕಡಿಮೆಯೆಂದು ತಿಳಿದಾಗ ಅವ್ವ ಅತ್ತಳು. ಮಗಳಿಗೆ ಎಂದೂ ರೊಟ್ಟಿ ಕಡಿಮೆ ಮಾಡಿರಲಿಲ್ಲ. ಆ ಚಿಂತೆಯಲ್ಲಿಯೇ ಕಾಲೇಜಿನ ವಾಚನಾಲಯದಲ್ಲಿ ಪುಸ್ತಕಗಳನ್ನು ಹುಡುಕುತ್ತಿರಲು, ದನಗಳ ಪಾಲೆಂದು ನಾವು ತಿಳಿದ ಹಿಂಡಿಯಲ್ಲಿ ಮಕ್ಕಳ ಆಹಾರವನ್ನು ಕಂಡ ಮಹನೀಯರೊಬ್ಬರ ಪರಿಚಯವಾಯಿತು.

1902ರಲ್ಲಿ ಜನಿಸಿದ ಸುಬ್ರಹ್ಮಣ್ಯನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಸ್ವಾತಂತ್ರ್ಯ ಬಂದಿತ್ತು, ಹಸಿವು ಹೋಗಿರಲಿಲ್ಲ. 1950ರಲ್ಲಿ ಮೈಸೂರಿನಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವು ತೆರೆದಾಗ ಅವರೇ ಅದರ ಮೊದಲ ನಿರ್ದೇಶಕರಾದರು.

ಹೊಟ್ಟೆ ತುಂಬುವುದು ಬೇರೆ, ಮೈ ಬೆಳೆಯುವುದು ಬೇರೆ. ಬೆಳೆಯುವ ಮಗುವಿಗೆ ಸಸಾರಜನಕ ಬೇಕು. ಹಾಲು-ಮೊಟ್ಟೆಗಳು ಬಡವರಿಗೆ ಎಟುಕವು. ಆದ್ದರಿಂದ ಅವರ ಸಂಸ್ಥೆಯು ಎಣ್ಣೆ ತೆಗೆದ ಶೇಂಗಾದ ಶುದ್ಧ ಹಿಟ್ಟು ಮುಕ್ಕಾಲು ಪಾಲು, ಪುಟಾಣಿ ಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ವಗಳನ್ನೂ ಸುಣ್ಣದ ಅಂಶವನ್ನೂ ಕೂಡಿಸಿ ಬಹೂಪಯೋಗಿ ಆಹಾರವೊಂದನ್ನು ಸಿದ್ಧಪಡಿಸಿತು. ಅದರ 100 ಗ್ರಾಮಿನಲ್ಲಿ ಸುಮಾರು 40 ಗ್ರಾಂ ಸಸಾರಜನಕವಿತ್ತು. ಎಳೆಗೂಸುಗಳಿಗೆ ಜಡವೆನಿಸಿದ್ದ ಎಮ್ಮೆಯ ಹಾಲನ್ನು ಹದಗೊಳಿಸಿ ಶಿಶು ಆಹಾರ ಮಾಡುವ ವಿಧಾನವೂ ಅವರ ಕಾಲದಲ್ಲಿ ಅಲ್ಲಿಯೇ ರೂಪುಗೊಂಡಿತು. 1960ರಲ್ಲಿ ಗುಜರಾತದ ಆಣಂದದಲ್ಲಿ ಅದರ ತಯಾರಿಕೆ ಆರಂಭವಾಯಿತು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತವು. ಬೂಷ್ಟಿನಲ್ಲಿ ವಿಷವಿರುವುದು ಆಗ ಜಗತ್ತಿಗೆ ತಿಳಿಯಿತು. ಬಡವರ ಆಹಾರವು ಅಗ್ಗವಾಗಿದ್ದರೆ ಸಾಲದು, ನಿರ್ಮಲವೂ ಆಗಿರಬೇಕು. ಪೇಟೆಯ ಹಿಂಡಿಯನ್ನು ಹಾಗೆಯೇ ಮಗುವಿನ ಬಾಯಿಗೆ ಇಡಲಾಗದು.

1963ರಲ್ಲಿ ಮೈಸೂರಿನ ಹೊಣೆಯನ್ನು ಇಳಿಸಿದ ಮೇಲೂ ಅವರು ಸುಮ್ಮನೆ ಕೂಡಲಿಲ್ಲ. ತಮಿಳುನಾಡಿನ ತಿರುವಾರೂರಿನಲ್ಲಿ ಭತ್ತದ ಸಂಸ್ಕರಣೆಯ ಸಂಶೋಧನೆಗೆ ತೊಡಗಿದರು. 1979ರಲ್ಲಿ ನಿಧನ ಹೊಂದಿದರು.

ಮಿತ್ರರೇ, ಅವರ ಹಿಟ್ಟಿನ ಹೆಸರನ್ನು ನಮ್ಮ ಓಣಿಯಲ್ಲಿ ಕೇಳಿದವರಿಲ್ಲ. ಆದರೆ ಅದರ ಗುಟ್ಟು ನಮ್ಮ ಮನೆಯ ಡಬ್ಬಿಯಲ್ಲಿಯೇ ಇತ್ತು. ಪಂಚಮಿಗೆ ಮಾತ್ರ ಕಟ್ಟುತ್ತಿದ್ದ ಶೇಂಗಾ, ಪುಟಾಣಿಯ ಉಂಡಿಗಳನ್ನು ಅವ್ವ ಈಗ ತಂಗಿಗಾಗಿ ವಾರವಾರವೂ ಕಟ್ಟುತ್ತಾಳೆ. ಬೂಷ್ಟು ಹಿಡಿದ ಕಾಳುಗಳನ್ನು ಆರಿಸಿ ಚೆಲ್ಲುವ ಕೆಲಸ ನನ್ನದು.