ಫೇಲಾದ ಹುಡುಗನ ಫೋರ್ಟ್ರಾನ್

ಸಂಖ್ಯಾಶಾಸ್ತ್ರದ ಕನಿಷ್ಠ ವರ್ಗಗಳ ವಿಧಾನ ಕೈಯಲ್ಲಿ ಮಾಡಿದರೆ ಒಂದು ಪುಟ ಬೇಕು. ಆರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎಲ್‌ಎಂ ಎಂಬ ಒಂದೇ ಆಜ್ಞೆ ಸಾಕು. ಆದರೆ ಮುಖ್ಯ ಲೆಕ್ಕವನ್ನು ಆರ್ ತಾನೇ ಮಾಡುವುದಿಲ್ಲ, ಮೊದಲೇ ಕಂಪೈಲ್ ಆಗಿರುವ ಫೋರ್ಟ್ರಾನ್ ಕೋಡ್‌ಗೆ ಒಪ್ಪಿಸುತ್ತದೆ. ಆ ಫೋರ್ಟ್ರಾನ್ ಕಟ್ಟಿದ ತಂಡದ ನಾಯಕ ಜಾನ್ ಬ್ಯಾಕಸ್.

ಅವರು ಹುಟ್ಟಿದ್ದು 3 ಡಿಸೆಂಬರ್ 1924, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ತಂದೆ ಷೇರು ದಲ್ಲಾಳಿ. ಶಾಲೆಯಲ್ಲಿ ಮತ್ತೆ ಮತ್ತೆ ಫೇಲು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ತರಗತಿಗೇ ಹೋಗದೆ ಹೊರಬಿದ್ದರು. ಸೈನ್ಯಕ್ಕೆ ಸೇರಿದರು, ತಲೆಬುರುಡೆಯ ಗಡ್ಡೆಗೆ ಆಪರೇಷನ್ ಆಯಿತು. ವೈದ್ಯಕೀಯ ಓದನ್ನೂ ನಡುವೆ ಬಿಟ್ಟರು. ನಾನು ಪ್ರಥಮ ಪಿಯುಸಿ ಅಕೌಂಟೆನ್ಸಿಯಲ್ಲಿ ಫೇಲಾಗಿ ಪೂರಕ ಪರೀಕ್ಷೆ ಬರೆದವನು, ಅದಕ್ಕೇ ಈ ಭಾಗವನ್ನು ಎರಡು ಸಲ ಓದಿದೆ.

ರೇಡಿಯೋ ರಿಪೇರಿ ಕಲಿಯಲು ಹೋದಾಗ ಅವರಿಗೆ ಗಣಿತದ ರುಚಿ ಹತ್ತಿತು. ಕೊಲಂಬಿಯಾದಲ್ಲಿ ಗಣಿತ ಓದಿ, 1950ರಲ್ಲಿ ಐಬಿಎಂ ಸೇರಿದರು. ಅಲ್ಲಿ ಮೊದಲು ಸ್ಪೀಡ್‌ಕೋಡಿಂಗ್ ಮಾಡಿದರು. ಅದು ಆಜ್ಞೆಗಳನ್ನು ಒಂದೊಂದಾಗಿ ಅರ್ಥ ಮಾಡಿಕೊಂಡು ನಡೆಸುತ್ತಿತ್ತು, ಹಾಗಾಗಿ ನಿಧಾನ.

ಬ್ಯಾಂಕಿನಲ್ಲಿ ಸಾಹೇಬರ ಕನ್ನಡವನ್ನು ನಮ್ಮ ದಾದಿಗೆ ಒಂದೊಂದೇ ಮಾತಾಗಿ ಉರ್ದುವಿನಲ್ಲಿ ಹೇಳುತ್ತೇನೆ. ಪ್ರತಿ ಸಲವೂ ಅದೇ ಕೆಲಸ. ಇಡೀ ಫಾರ್ಮನ್ನು ಒಮ್ಮೆ ಉರ್ದುವಿನಲ್ಲಿ ಬರೆದಿಟ್ಟರೆ ಮುಂದಿನ ಸಲ ನಾನು ಬೇಕಾಗುವುದಿಲ್ಲ. ಕಂಪೈಲರ್ ಎಂದರೆ ಇದೇ.

1953ರ ಕೊನೆಗೆ ಬ್ಯಾಕಸ್ ಮೇಲಧಿಕಾರಿಗೆ ಪತ್ರ ಬರೆದರು. ಅದರಲ್ಲಿದ್ದ ವಾದ ನಮ್ಮ ಕಾಮರ್ಸ್‌ನವರಿಗೆ ಹಿಡಿಸುವಂಥದ್ದು. ಯಂತ್ರಕ್ಕೆ ಎಷ್ಟು ಖರ್ಚೋ ಪ್ರೋಗ್ರಾಮ್ ಬರೆದು ತಿದ್ದುವುದಕ್ಕೂ ಅಷ್ಟೇ ಖರ್ಚು ಎಂಬ ಲೆಕ್ಕ ಅದು. ಆರು ತಿಂಗಳಲ್ಲಿ ಮುಗಿಸುತ್ತೇವೆ ಎನ್ನುತ್ತಲೇ ಮೂರು ವರ್ಷ ದಾಟಿತು. 1957ರಲ್ಲಿ ಫೋರ್ಟ್ರಾನ್ ಹೊರಬಂದಾಗ ಅದರ ಕೋಡ್ ಕೈಯಲ್ಲಿ ಬರೆದದ್ದಕ್ಕೆ ವೇಗದಲ್ಲಿ ಹೆಚ್ಚುಕಡಿಮೆ ಸರಿಸಮ ಇತ್ತು. ನಂಬದಿದ್ದವರೂ ನಂಬಿದರು.

1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಎಸ್ ಎಂಬ ಸಂಖ್ಯಾಶಾಸ್ತ್ರದ ಭಾಷೆ ಶುರುವಾದಾಗ ಅದು ಫೋರ್ಟ್ರಾನ್ ಕೋಡನ್ನೇ ಒಳಗಿನಿಂದ ಕರೆಯುತ್ತಿತ್ತು. ಅದರ ದಾರಿಯಲ್ಲೇ ಆರ್ ಬಂತು. ಈಗ ಆರ್‌ಸಿಪಿಪಿ ಪ್ಯಾಕೇಜ್ ಇದ್ದರೆ ಆರ್ ಒಳಗೇ ಸಿ ಪ್ಲಸ್ ಪ್ಲಸ್‌ನ ಒಂದು ಸಾಲು ಬರೆದು, ಅಲ್ಲೇ ಕಂಪೈಲ್ ಮಾಡಿ, ಉತ್ತರ ಪಡೆಯಬಹುದು. ಘತ್ತರಗಿಯಲ್ಲಿ ಕರೆಂಟ್ ಇದ್ದಾಗ ನಾನೂ ಮಾಡಿ ನೋಡಿದ್ದೇನೆ. ಎರಡಕ್ಕೆ ಎರಡು ಕೂಡಿಸಲು ಕೆಲವು ಸೆಕೆಂಡು ಕಾಯಬೇಕು, ಏಕೆಂದರೆ ಅನುವಾದಕ್ಕೆ ಸಮಯ ಹಿಡಿಯುತ್ತದೆ. ಲಕ್ಷಗಟ್ಟಲೆ ಸಲ ಮಾಡುವ ಲೆಕ್ಕಕ್ಕೆ ಮಾತ್ರ ಲಾಭ.

ಬ್ಯಾಕಸ್‌ಗೆ 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ಭಾಷಣದಲ್ಲಿ ಅವರು ಫೋರ್ಟ್ರಾನ್ ಮಾದರಿಯ ಭಾಷೆಗಳನ್ನೇ ಟೀಕಿಸಿದರು! 17 ಮಾರ್ಚ್ 2007ರಂದು ತೀರಿಕೊಂಡರು. ಇವತ್ತಿಗೂ ಆರ್ ಅನ್ನು ಮೂಲ ಕೋಡ್‌ನಿಂದ ಕಟ್ಟಬೇಕಾದರೆ ಫೋರ್ಟ್ರಾನ್ ಕಂಪೈಲರ್ ಬೇಕೇ ಬೇಕು.